ಸ್ಪ್ಯಾನಿಷ್ ದಿನಬಳಕೆ ವಾಕ್ಯಗಳು: ಕನ್ನಡದವರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಬೆಂಗಳೂರಲ್ಲಿ ಏಳು ವರ್ಷ ಸ್ಪ್ಯಾನಿಷ್ ಕಸ್ಟಮರ್ ಸಪೋರ್ಟಲ್ಲಿ ನೈಟ್ ಶಿಫ್ಟ್ ಮಾಡಿದೀನಿ, ಜಾಸ್ತಿ ಬರ್ತಿದ್ದಿದ್ದು ಮೆಕ್ಸಿಕೊ ಮತ್ತೆ ಕೊಲಂಬಿಯಾ ಕಾಲ್‌ಗಳು, ಮಧ್ಯದಲ್ಲಿ ನಾಲ್ಕು ತಿಂಗಳು ಸ್ಪೇನ್‌ನ ಸಲಮಾಂಕಾ ಊರಲ್ಲಿ ಒಬ್ಬರು ಅಜ್ಜಿ ಮನೇಲಿ ಪೇಯಿಂಗ್ ಗೆಸ್ಟ್ ಆಗಿದ್ದು ಕೋರ್ಸ್ ಮಾಡ್ಕೊಂಡು ಬಂದೆ. ಈಗ ಶನಿವಾರ ಭಾನುವಾರ ಹೇಳ್ಕೊಡ್ತೀನಿ. ಪ್ರತಿ ಬ್ಯಾಚಲ್ಲೂ ಬರೋದು ಹೆಚ್ಚು ಕಮ್ಮಿ ಇದೇ ಪ್ರಶ್ನೆಗಳು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ.

ಸ್ಪ್ಯಾನಿಷ್ ಪದಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದೀನಿ. ಉದ್ದ ಪದಗಳಲ್ಲಿ ದೀರ್ಘ ಎಲ್ಲಿ ಹಾಕಿದೀನೋ ಅಲ್ಲಿ ಒತ್ತಿ ಹೇಳ್ಬೇಕು, ಎಳೀಬೇಕು ಅಂತಲ್ಲ.

ಸ್ಪ್ಯಾನಿಷ್ ಕಲಿಯೋಕೆ ಮೊದಲು ಇಂಗ್ಲಿಷ್ ಗ್ರಾಮರ್ ಸರಿ ಮಾಡ್ಕೋಬೇಕಾ?

ಬೇಡ. ದಯವಿಟ್ಟು ಬೇಡ. ನಾನು ಕಲಿತ ಕ್ಲಾಸಲ್ಲಿ ಎಲ್ಲಾ ಇಂಗ್ಲಿಷ್ ಮೂಲಕನೇ ಹೇಳ್ಕೊಟ್ರು, ಎರಡು ವರ್ಷ ತಲೇಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ಸ್ಪ್ಯಾನಿಷಿಗೆ ಅಂತ ಸುತ್ತು ಹೊಡೀತಿದ್ದೆ, ಆಮೇಲೆ ಒಂದಿನ ಗೊತ್ತಾಯ್ತು, ಇಂಗ್ಲಿಷಿನವರಿಗೆ ಕಷ್ಟ ಆಗೋ ಅರ್ಧ ವಿಷಯ ನಮಗೆ ಬಾಯಲ್ಲೇ ಇದೆ ಅಂತ. ಕ್ರಿಯಾಪದದ ಕೊನೇಲೇ ಯಾರು ಅಂತ ಗೊತ್ತಾಗೋದು, ನೀನು ನೀವು ಬೇರೆ ಬೇರೆ ಇರೋದು, "ನನಗೆ ಇಷ್ಟ" ಅನ್ನೋ ಥರದ ವಾಕ್ಯ, "ತೊಳ್ಕೊಂಡೆ", "ಬಿದ್ದೋಯ್ತು", "ಬರಲಿ", ಇವೆಲ್ಲಾ ಸ್ಪ್ಯಾನಿಷಲ್ಲೂ ಇವೆ. ನೇರ ಕನ್ನಡದಿಂದ ಹೋಗಿ. ಕನ್ನಡ ದಾರಿ ತಪ್ಪಿಸೋ ಜಾಗಗಳೂ ಇವೆ, ಅವನ್ನೂ ಕೆಳಗೆ ಹೇಳಿದೀನಿ.

ಉಚ್ಚಾರಣೆ ಕಷ್ಟನಾ?

ನಮಗೆ ಅಷ್ಟಿಲ್ಲ. ಐದೇ ಸ್ವರ, ಬರೆದ ಹಾಗೇ ಓದೋದು. ನಮ್ಮವರು ಮಾಡೋ ದೊಡ್ಡ ತಪ್ಪು ಅಂದ್ರೆ ಇಂಗ್ಲಿಷ್ ಅಭ್ಯಾಸದಿಂದ ಟ, ಡ ಹಾಕೋದು. ಸ್ಪ್ಯಾನಿಷಲ್ಲಿರೋದು ತ, ದ, ಅಚ್ಚ ಕನ್ನಡದ ಹಲ್ಲಿನ ತ, ದ. ಟು ಅಲ್ಲ, ತು. ಪ, ಕ ಕೂಡ ಉಸಿರು ಬಿಡದೆ ನಮ್ಮ ಹಾಗೇ.

ಎಚ್ ಅಕ್ಷರ ಇದ್ರೂ ಓದಲ್ಲ, ಹಾಗಾಗಿ ಹೋಲ ಅಲ್ಲ, ಓಲ. ಜೆ ಅಕ್ಷರ ಬಂದ್ರೆ ಗಂಟಲಿಂದ ಬರೋ ಹ. ಬಿ ಮತ್ತೆ ವಿ ಎರಡಕ್ಕೂ ಒಂದೇ ಸದ್ದು. ರ ಮಾತ್ರ ಎರಡು ಥರ, ಪೇರೊ ಅಂದ್ರೆ "ಆದ್ರೆ", ಪೇರ್ರೊ ಅಂದ್ರೆ ನಾಯಿ, ಎರಡನೇದ್ರಲ್ಲಿ ನಾಲಿಗೆ ಚೆನ್ನಾಗಿ ಅದುರ್ಬೇಕು. ಹಳಗನ್ನಡದಲ್ಲೂ ಎರಡು ರ ಇದ್ವು, ರ ಮತ್ತೆ ಱ, ನಾವು ಒಂದನ್ನ ಬಿಟ್ವಿ, ಅವರು ಉಳಿಸ್ಕೊಂಡಿದಾರೆ.

ಒತ್ತು ಎಲ್ಲಿ ಬೀಳುತ್ತೆ ಅನ್ನೋದು ಅರ್ಥಾನೇ ಬದಲಾಯಿಸುತ್ತೆ. ಏಸ್ತ ಅಂದ್ರೆ "ಈ", ಎಸ್ತಾ ಅಂದ್ರೆ "ಇದಾನೆ, ಇದಾಳೆ, ಇದೆ". ಪಾಪ ಅಂದ್ರೆ ಲ್ಯಾಟಿನ್ ಅಮೆರಿಕಾದಲ್ಲಿ ಆಲೂಗಡ್ಡೆ, ಪಪಾ ಅಂದ್ರೆ ಅಪ್ಪ. ರೂಲ್ ಸುಲಭ, ಪದ ಸ್ವರದಲ್ಲೋ ನ್, ಸ್ ಅಲ್ಲೋ ಮುಗಿದ್ರೆ ಕೊನೆಯಿಂದ ಎರಡನೇ ಭಾಗಕ್ಕೆ ಒತ್ತು, ಬೇರೆ ವ್ಯಂಜನದಲ್ಲಿ ಮುಗಿದ್ರೆ ಕೊನೇ ಭಾಗಕ್ಕೆ, ಇದನ್ನ ಮೀರಿದ್ರೆ ಮೇಲೊಂದು ಗೀಟು ಹಾಕಿ ತೋರಿಸಿರ್ತಾರೆ.

ಇನ್ನೊಂದು, ಎನ್ ಮೇಲೆ ಅಲೆ ಥರ ಗುರುತು ಇದ್ರೆ ಅದು ನಮ್ಮ ಞ. ಆಞೊ ಅಂದ್ರೆ ವರ್ಷ. ಆ ಗುರುತು ಬಿಟ್ಟು ಆನೊ ಅಂತ ಬರೆದ್ರೆ ಗುದದ್ವಾರ ಅಂತ ಅರ್ಥ, ವಯಸ್ಸು ಬರೆಯೋವಾಗ ಹುಷಾರು.

"ನಾನು" ಅಂತ ಪ್ರತಿ ಸಲ ಹೇಳ್ಬೇಕಾ?

ಇಲ್ಲ. "ನಾಳೆ ಬರ್ತೀನಿ" ಅಂದಾಗ ನಾನು ಅಂತ ಸೇರಿಸ್ತೀವಾ? ಹಾಗೇನೇ. ಆಬ್ಲೊ ಅಂದ್ರೆ ಮಾತಾಡ್ತೀನಿ, ಆಬ್ಲಸ್ ಅಂದ್ರೆ ಮಾತಾಡ್ತೀಯ, ಆಬ್ಲ ಅಂದ್ರೆ ಮಾತಾಡ್ತಾನೆ ಅಥವಾ ಮಾತಾಡ್ತಾಳೆ. ಯೊ ಆಬ್ಲೊ ಅಂದ್ರೆ "ನಾನು ಮಾತಾಡ್ತೀನಿ, ನೀನಲ್ಲ" ಅನ್ನೋ ಒತ್ತು ಬಂದ್ಬಿಡುತ್ತೆ. ಇಂಗ್ಲಿಷ್ ಕಲಿತವರು ಪ್ರತಿ ವಾಕ್ಯಕ್ಕೂ ಯೊ ಯೊ ಅಂತ ಶುರು ಮಾಡ್ತಾರೆ, ಕೇಳೋರಿಗೆ ಬರೀ ತನ್ನ ಬಗ್ಗೆನೇ ಹೇಳ್ಕೊಳ್ಳೋ ಮನುಷ್ಯನ ಥರ ಅನ್ಸುತ್ತೆ.

ತು ಮತ್ತೆ ಉಸ್ತೇದ್, ಯಾರಿಗೆ ಯಾವುದು?

ತು ಅಂದ್ರೆ ನೀನು, ಉಸ್ತೇದ್ ಅಂದ್ರೆ ನೀವು. ಉಸ್ತೇದ್ ಬಂದಿದ್ದು "ಬ್ವೇಸ್ತ್ರ ಮೆರ್ಸೇದ್" ಅನ್ನೋ ಹಳೇ ಮಾತಿಂದ, "ತಮ್ಮ ದಯೆ" ಅನ್ನೋ ಹಾಗೆ. ಅದಕ್ಕೇ ಉಸ್ತೇದ್ ಜೊತೆ ಕ್ರಿಯಾಪದ "ಅವನು, ಅವಳು" ರೂಪದಲ್ಲೇ ಬರುತ್ತೆ, ಉಸ್ತೇದ್ ಆಬ್ಲ. ಆಳುಗಳು "ದಣಿಗಳು ಬರ್ತಾರಾ?" ಅಂತ ದಣಿ ಎದುರಿಗೇ ಕೇಳ್ತಿದ್ರಲ್ಲ, ಅದನ್ನ ನೆನಪಿಸ್ಕೊಂಡ್ರೆ ತಲೆಗೆ ಹೋಗುತ್ತೆ.

ಕನ್ನಡದ ಲೆಕ್ಕ ನೇರ ಹಾಕ್ಬೇಡಿ ಆದ್ರೆ. ಸ್ಪೇನಲ್ಲಿ ಅಂಗಡಿಯವರು, ಆಫೀಸ್ ಬಾಸು, ಹೊಸಬರು ಎಲ್ಲರಿಗೂ ತು ಅನ್ನೋದು ಮಾಮೂಲು, ನನ್ನ ಅಜ್ಜಿ ಎರಡನೇ ದಿನಕ್ಕೇ ನನಗೆ ತು ಅಂತ ಹೇಳು ಅಂದ್ಬಿಟ್ರು, ಎಪ್ಪತ್ತು ದಾಟಿದವರಿಗೆ ನೀನು ಅನ್ನೋಕೆ ನನ್ನ ನಾಲಿಗೆ ಏಳೋಕೆ ಒಂದು ವಾರ ಬೇಕಾಯ್ತು. ಕೊಲಂಬಿಯಾದ ಬೊಗೊಟಾ ಕಡೆ ಪೂರ್ತಿ ಉಲ್ಟಾ, ಗೆಳೆಯರು, ಅಪ್ಪ ಮಕ್ಕಳು ಕೂಡ ಉಸ್ತೇದ್ ಅಂತಾರೆ. ಅರ್ಜೆಂಟೀನಾದಲ್ಲಿ ತು ಬದಲು ಬೊಸ್. ಗೊತ್ತಿಲ್ಲದೆ ಇದ್ದಾಗ ಉಸ್ತೇದಿಂದ ಶುರು ಮಾಡಿ, ಅವರೇ ಇಳಿಸ್ತಾರೆ.

ಬಹುವಚನಕ್ಕೆ ಸ್ಪೇನಲ್ಲಿ ಸಲಿಗೆಯವರಿಗೆ ಬೊಸೋತ್ರೊಸ್, ಲ್ಯಾಟಿನ್ ಅಮೆರಿಕಾದಲ್ಲಿ ಎಲ್ಲರಿಗೂ ಉಸ್ತೇದೆಸ್. ಅಷ್ಟೆ.

ಸೆರ್ ಮತ್ತೆ ಎಸ್ತಾರ್ ಎರಡೂ "ಇರು" ಅಂತಾರೆ, ವ್ಯತ್ಯಾಸ ಏನು?

ಇದು ಎಲ್ಲರೂ ಕೇಳೋ ಪ್ರಶ್ನೆ. ಸಾಮಾನ್ಯವಾಗಿ ಹೇಳ್ಕೊಡೋದು "ಶಾಶ್ವತ ಆದ್ರೆ ಸೆರ್, ತಾತ್ಕಾಲಿಕ ಆದ್ರೆ ಎಸ್ತಾರ್" ಅಂತ. ಆ ರೂಲ್ ಕೈ ಕೊಡುತ್ತೆ, ಯಾಕಂದ್ರೆ ಸತ್ತಿರೋದಕ್ಕೆ ಎಸ್ತಾ ಮ್ವೇರ್ತೊ ಅಂತಾರೆ, ಸಾವು ತಾತ್ಕಾಲಿಕನಾ?

ಕನ್ನಡದಲ್ಲಿ ಹೀಗೆ ನೋಡಿ. "ನಾನು ಡಾಕ್ಟ್ರು", "ಅವಳು ನಮ್ಮಕ್ಕ", "ಇದು ಮರದ್ದು", ಈ ವಾಕ್ಯಗಳಲ್ಲಿ ಕ್ರಿಯಾಪದಾನೇ ಇಲ್ಲ, ಯಾರು ಏನು ಅಂತ ಹೇಳಿ ಮುಗಿಸ್ತೀವಿ. ಅಲ್ಲೆಲ್ಲಾ ಸೆರ್. "ಅಕ್ಕ ಮನೇಲಿದಾಳೆ", "ಕಾಫಿ ಬಿಸಿ ಇದೆ", "ಬಾಗ್ಲು ಮುಚ್ಚಿದೆ", "ಅವನು ಬೇಜಾರಲ್ಲಿದಾನೆ", ಇಲ್ಲಿ "ಇದೆ, ಇದಾನೆ, ಇದಾಳೆ" ಬಾಯಿಗೆ ತಾನಾಗೇ ಬರುತ್ತೆ. ಅಲ್ಲೆಲ್ಲಾ ಎಸ್ತಾರ್. ಎಲ್ ಕಫೇ ಎಸ್ತಾ ಕಲ್ಯೇಂತೆ. ಎಸ್ತಾರ್ ಬಂದಿರೋದೇ ಲ್ಯಾಟಿನ್‌ನ "ನಿಲ್ಲು" ಅನ್ನೋ ಧಾತುವಿಂದ, ಯಾವ ಸ್ಥಿತೀಲಿ ನಿಂತಿದೆ ಅಂತ. ಸತ್ತಿದಾನೆ ಅನ್ನೋದು ಒಂದು ಸ್ಥಿತಿ, ಅದಕ್ಕೆ ಎಸ್ತಾ, ಕನ್ನಡದಲ್ಲೂ ಅಲ್ಲಿ "ಇದಾನೆ" ಬಂತು ನೋಡಿ.

ಇನ್ನೂ ಚೆನ್ನಾಗಿರೋದು ಕಾರ್ಯಕ್ರಮದ ಜಾಗ. ವಸ್ತು ಎಲ್ಲಿದೆ ಅನ್ನೋದಕ್ಕೆ ಎಸ್ತಾರ್, ಆದ್ರೆ ಸಮಾರಂಭ ಎಲ್ಲಿ ಅನ್ನೋದಕ್ಕೆ ಸೆರ್ (ಅವನು, ಅವಳು, ಅದಕ್ಕೆ ಬರೋ ರೂಪ ಎಸ್), ಲ ಬೋದ ಎಸ್ ಎನ್ ಮಿ ಕಾಸ. ಇಂಗ್ಲಿಷಲ್ಲಿ ಯೋಚಿಸೋರಿಗೆ ಇದು ಒಗಟು. ನಾವು? "ಮದುವೆ ನಮ್ಮನೇಲೇ" ಅಂತ ಕ್ರಿಯಾಪದ ಇಲ್ದೇ ಹೇಳ್ತೀವಿ. ನೂರಕ್ಕೆ ನೂರು ಕೆಲಸ ಮಾಡುತ್ತೆ ಅಂತ ಹೇಳಲ್ಲ, "ಅವಳು ಎತ್ತರ ಇದಾಳೆ" ಅಂತ ನಾವಂದ್ರೂ ಅವರು ಸೆರ್ ಹಾಕ್ತಾರೆ, ಎಸ್ ಆಲ್ತ. ಗುಣ, ಆಕಾರ, ಸ್ವಭಾವಕ್ಕೆ ಸೆರ್ ಅಂತ ಇದೊಂದನ್ನ ಬೇರೆ ನೆನಪಿಟ್ಕೊಳ್ಳಿ.

ಒಂದೇ ಪದಕ್ಕೆ ಎರಡೂ ಹಾಕಿದ್ರೆ ಅರ್ಥ ಬೇರೆ. ಎಸ್ ಬೇರ್ದೆ ಅಂದ್ರೆ ಹಸಿರು ಬಣ್ಣದ್ದು, ಎಸ್ತಾ ಬೇರ್ದೆ ಅಂದ್ರೆ ಇನ್ನೂ ಕಾಯಿ. ಎಸ್ ಲೀಸ್ತೊ ಅಂದ್ರೆ ಚುರುಕು, ಎಸ್ತಾ ಲೀಸ್ತೊ ಅಂದ್ರೆ ರೆಡಿ. ಎಸ್ ರೀಕೊ ಅಂದ್ರೆ ಶ್ರೀಮಂತ, ಎಸ್ತಾ ರೀಕೊ ಅಂದ್ರೆ ರುಚಿಯಾಗಿದೆ. ಊಟ ಬಡಿಸಿದವರಿಗೆ ಎರಡನೇದನ್ನ ಹೇಳಿ.

ಮೆ ಗೂಸ್ತ ಅನ್ನೋದು ಯಾಕೆ ತಿರುಗಾಮುರುಗ ಇದೆ?

ತಿರುಗಾಮುರುಗ ಅನ್ನೋದು ಇಂಗ್ಲಿಷ್ ಪುಸ್ತಕ ಓದಿದವರ ಮಾತು. ಮೆ ಗೂಸ್ತ ಎಲ್ ಕಫೇ, ನನಗೆ ಕಾಫಿ ಇಷ್ಟ ಆಗುತ್ತೆ. ಪದಕ್ಕೆ ಪದ ಕೂರುತ್ತೆ, ಮೆ ಅಂದ್ರೆ ನನಗೆ, ಇಷ್ಟ ಆಗೋದು ಕಾಫಿ. ಕಾಫಿ ಒಂದು ಆದ್ರೆ ಗೂಸ್ತ, ಮಾವಿನಹಣ್ಣುಗಳು ಅಂತ ಬಹುವಚನ ಬಂದ್ರೆ ಮೆ ಗೂಸ್ತನ್ ಲೊಸ್ ಮಾಂಗೊಸ್. ಮಾಂಗೊ ಅನ್ನೋ ಪದ ಮೂಲದಲ್ಲಿ ನಮ್ಮ ದ್ರಾವಿಡ ಭಾಷೆಗಳದ್ದೇ, ಕೇರಳ ಕಡೆಯಿಂದ ಪೋರ್ಚುಗೀಸರ ಮೂಲಕ ಯುರೋಪಿಗೆ ಹೋದದ್ದು.

ಒಬ್ಬ ಮನುಷ್ಯನಿಗೆ ಮೆ ಗೂಸ್ತಸ್ ಅಂತ ನೇರ ಹೇಳಿದ್ರೆ ಪ್ರೀತಿ ವಿಷಯ ಆಗುತ್ತೆ. ಬರೀ ಸ್ನೇಹಕ್ಕೆ, ನಿನ್ನ ಕಂಡ್ರೆ ಖುಷಿ ಅನ್ನೋದಕ್ಕೆ, ಮೆ ಕಾಯೆಸ್ ಬ್ಯೇನ್.

ಹಾಗಾದ್ರೆ "ನನಗೆ" ಬಂದಲ್ಲೆಲ್ಲಾ ಮೆ ಹಾಕ್ಬಹುದಾ?

ಇಲ್ಲೇ ಕನ್ನಡ ಬೀಳಿಸೋದು. ನಮ್ಮ "ನನಗೆ" ವಾಕ್ಯಗಳು ಸ್ಪ್ಯಾನಿಷಲ್ಲಿ ಎರಡು ಗುಂಪಾಗಿ ಒಡೆದಿವೆ.

ಮೆ ಗುಂಪು: ತಲೆ ನೋಯ್ತಿದೆ, ಮೆ ದ್ವೇಲೆ ಲ ಕಬೇಸ. ನನಗೆ ಹೀಗನ್ಸುತ್ತೆ, ಮೆ ಪರೇಸೆ. ತುಂಬಾ ಇಷ್ಟ, ಮೆ ಎಂಕಾಂತ. ಭಯ ಆಗುತ್ತೆ, ಮೆ ದ ಮ್ಯೇದೊ. ನನಗೆ ಆಸಕ್ತಿ ಇದೆ, ಮೆ ಇಂತೆರೇಸ.

ತೇಂಗೊ ಗುಂಪು, ಅಂದ್ರೆ "ನನ್ನ ಹತ್ರ ಇದೆ" ಅಂತ ಹೇಳೋದು: ನನಗೆ ಹಸಿವು, ತೇಂಗೊ ಆಂಬ್ರೆ. ಬಾಯಾರಿಕೆ, ತೇಂಗೊ ಸೆದ್. ನಿದ್ದೆ ಬರ್ತಿದೆ, ತೇಂಗೊ ಸ್ವೇಞೊ. ಚಳಿ, ತೇಂಗೊ ಫ್ರೀಯೊ. ಅರ್ಜೆಂಟಿದೆ, ತೇಂಗೊ ಪ್ರೀಸ. ನನಗೆ ಮೂವತ್ತು ವರ್ಷ, ತೇಂಗೊ ತ್ರೇಯಿಂತ ಆಞೊಸ್.

ಮತ್ತೆ ನೇರ "ನಾನು" ಆಗೋವು: ನನಗೆ ಬೇಕು ಅಂದ್ರೆ ಕ್ಯೇರೊ, ನನಗೆ ಗೊತ್ತು ಅಂದ್ರೆ ಸೆ, ನನಗೆ ಅರ್ಥ ಆಗುತ್ತೆ ಅಂದ್ರೆ ಎಂತ್ಯೇಂದೊ. ಈ ಮೂರರ ಮುಂದೆ ಮೆ ಹಾಕಿ ಮಾತಾಡೋ ಹುಡುಗರನ್ನ ಪ್ರತಿ ಬ್ಯಾಚಲ್ಲೂ ನೋಡ್ತೀನಿ. ಒಂದು ಹಾಳೇಲಿ ಬರೆದು ಕನ್ನಡಿ ಪಕ್ಕ ಅಂಟಿಸ್ಕೊಳ್ಳಿ, ಎರಡು ವಾರ ಸಾಕು.

ಸೆ ಅನ್ನೋ ಪದ ಎಲ್ಲಾ ಕಡೆ ಬರುತ್ತೆ, ಅದೇನದು?

ನನ್ನ ಪ್ರಕಾರ ಇಡೀ ಸ್ಪ್ಯಾನಿಷಲ್ಲಿ ಕನ್ನಡದವರಿಗೆ ಅತಿ ದೊಡ್ಡ ಲಾಭ ಇಲ್ಲಿದೆ, ಯಾರೂ ಇದನ್ನ ಹೇಳ್ಕೊಡಲ್ಲ ಅನ್ನೋದೇ ನನ್ನ ಸಂಕಟ.

"ಪಾತ್ರೆ ತೊಳೆದೆ" ಮತ್ತೆ "ಕೈ ತೊಳ್ಕೊಂಡೆ". ಈ "ಕೊಂಡೆ" ಇದ್ಯಲ್ಲ, ಅದೇ ಮೆ, ತೆ, ಸೆ, ನಾನು ಆದ್ರೆ ಮೆ, ನೀನು ಆದ್ರೆ ತೆ, ಅವನು ಅವಳು ಆದ್ರೆ ಸೆ (ಮೇಲೆ "ಗೊತ್ತು" ಅಂತ ಬಂದ ಸೆ ಬೇರೆ ಪದ). ಲಾಬೊ ಲೊಸ್ ಪ್ಲಾತೊಸ್, ತಟ್ಟೆ ತೊಳೀತೀನಿ. ಮೆ ಲಾಬೊ ಲಸ್ ಮಾನೊಸ್, ಕೈ ತೊಳ್ಕೋತೀನಿ. ಇನ್ನೊಂದು ಗಮನಿಸಿ, ನಾವು "ನನ್ನ ಕೈ ತೊಳ್ಕೊಂಡೆ" ಅನ್ನಲ್ಲ, ಕೈ ಯಾರದ್ದು ಅಂತ "ಕೊಂಡೆ" ಹೇಳ್ಬಿಟ್ಟಿರುತ್ತೆ. ಅವರೂ ಅಷ್ಟೇ, ನನ್ನ ಕೈ ಅನ್ನಲ್ಲ, ಲಸ್ ಮಾನೊಸ್ ಅಂತಾರೆ. ಬಟ್ಟೆ ಹಾಕ್ಕೊಳ್ಳೋದು, ತಲೆ ಬಾಚ್ಕೊಳ್ಳೋದು, ಕೂತ್ಕೊಳ್ಳೋದು, ಮಲಗ್ಕೊಳ್ಳೋದು, ಎಲ್ಲಾ ಸೆ ಇರೋ ಕ್ರಿಯಾಪದಗಳು.

"ತಿಂದ" ಮತ್ತೆ "ತಿಂದ್ಬಿಟ್ಟ" ನಡುವೆ ಇರೋ ವ್ಯತ್ಯಾಸಕ್ಕೂ ಸೆ ಬರುತ್ತೆ. ಕೊಮ್ಯೋ ಎಲ್ ಪಸ್ತೇಲ್, ಕೇಕ್ ತಿಂದ. ಸೆ ಕೊಮ್ಯೋ ಎಲ್ ಪಸ್ತೇಲ್, ಇಡೀ ಕೇಕ್ ತಿಂದ್ಬಿಟ್ಟ.

ಮೂರನೇದನ್ನ ನಾನು ಕಲಿತಿದ್ದು ಸಲಮಾಂಕಾದ ಅಡುಗೆಮನೇಲಿ. ಸಿಂಕ್ ಹತ್ರ ನಿಂತು ಲೋಟ ಒರೆಸ್ತಿದ್ದೆ, ಕೈಯಿಂದ ಜಾರಿ ಕಲ್ಲಿನ ನೆಲಕ್ಕೆ ಬಿದ್ದು ಚೂರಾಯ್ತು. ಅಜ್ಜಿ ಹಾಲಿಂದ ಓಡಿ ಬಂದ್ರು. ನಾನು ಗಾಬರೀಲಿ ಇಂಗ್ಲಿಷಿಂದ ತರ್ಜುಮೆ ಮಾಡಿ, ಎ ರ್ರೋತೊ ಎಲ್ ಬಾಸೊ, "ನಾನು ಲೋಟ ಒಡೆದಿದೀನಿ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದ್ರು, ಬೇಕಂತ ಒಡೆದ್ಯಾ ಅನ್ನೋ ಥರ. ಆಮೇಲೆ ಪೊರಕೆ ತಗೊಂಡು ಗುಡಿಸ್ತಾ ನಿಧಾನಕ್ಕೆ ತಿದ್ದಿದ್ರು, "ಸೆ ತೆ ಆ ಕಯೀದೊ, ಈಹ." ಬಿದ್ದೋಗಿದೆ ಕಣಮ್ಮ. ಬಿದ್ದೋಯ್ತು! ನಮ್ಮಮ್ಮ ಹೇಳೋದೂ ಅದೇ. ಕೈಯಿಂದ ಬಿದ್ದೋಯ್ತು, ಸೆ ಮೆ ಕಯೋ. ಮರೆತೋಯ್ತು, ಸೆ ಮೆ ಒಲ್ಬಿದೋ. ಕಳೆದೋಯ್ತು, ಸೆ ಮೆ ಪೆರ್ದ್ಯೋ. ಒಡೆದೋಯ್ತು, ಸೆ ಮೆ ರ್ರೊಂಪ್ಯೋ. ತಾನಾಗೇ ಆಗಿದ್ದು, ಆದ್ರೆ ನನ್ನ ಕೈಲಿ ಆಗಿದ್ದು, ಎರಡೂ ಒಂದೇ ವಾಕ್ಯದಲ್ಲಿ. ಕನ್ನಡದಲ್ಲಿ "ಹೋಯ್ತು" ಎಲ್ಲೆಲ್ಲಿ ಬರುತ್ತೋ ಅಲ್ಲಿ ಒಂದ್ಸಲ ಸೆ ಮೆ ಹಾಕ್ಬಹುದಾ ಅಂತ ನೋಡಿ, ಬಹಳಷ್ಟು ಸಲ ಸರಿ ಹೋಗುತ್ತೆ.

ಮೇಜು ಯಾಕೆ ಹೆಣ್ಣು?

ಕಾರಣ ಹುಡುಕೋಕೆ ಹೋಗ್ಬೇಡಿ. ನಮಗೆ ಜೀವ ಇಲ್ಲದ್ದೆಲ್ಲಾ "ಅದು", ಅಲ್ಲಿ "ಅದು" ಅನ್ನೋ ಲಿಂಗವೇ ನಾಮಪದಗಳಿಗಿಲ್ಲ. ಹಿಂದಿ ಬರೋರಿಗೆ ಇದು ಹೊಸದಲ್ಲ. ಸಾಮಾನ್ಯವಾಗಿ ಓ ಅಲ್ಲಿ ಮುಗಿದ್ರೆ ಗಂಡು, ಎಲ್ ಬಾಸೊ, ಆ ಅಲ್ಲಿ ಮುಗಿದ್ರೆ ಹೆಣ್ಣು, ಲ ಮೇಸ. ತಪ್ಪಿಸ್ಕೊಂಡಿರೋವು: ಎಲ್ ದೀಯ, ಎಲ್ ಮಾಪ, ಲ ಮಾನೊ, ಲ ಫೋತೊ, ಲ ಮೋತೊ. ಗ್ರೀಕಿಂದ ಬಂದ "ಮ" ಕೊನೆಯ ಪದಗಳು ಗಂಡು, ಎಲ್ ಪ್ರೊಬ್ಲೇಮ, ಎಲ್ ಸಿಸ್ತೇಮ, ಎಲ್ ಇದ್ಯೋಮ. ನೀರು ಹೆಣ್ಣೇ, ಆದ್ರೆ ಮೊದಲಲ್ಲೇ ಒತ್ತು ಇರೋ ಆ ಇರೋದ್ರಿಂದ ಲ ಬದಲು ಎಲ್ ಆಗ್ವ ಅಂತಾರೆ, ವಿಶೇಷಣ ಮಾತ್ರ ಹೆಣ್ಣಾಗೇ ಉಳಿಯುತ್ತೆ, ಎಲ್ ಆಗ್ವ ಫ್ರೀಯ.

ಪದ ಕಲಿಯೋವಾಗ್ಲೇ ಎಲ್, ಲ ಸೇರಿಸಿ ಒಂದೇ ಪದ ಅಂತ ಕಲೀರಿ. ಆಮೇಲೆ ಸೇರಿಸ್ತೀನಿ ಅಂದ್ರೆ ಆಗಲ್ಲ.

"ಅಮ್ಮನ್ನ ನೋಡ್ದೆ" ಅನ್ನೋದ್ರಲ್ಲಿ ಮಧ್ಯ ಒಂದು ಅ ಯಾಕೆ ಬರುತ್ತೆ?

"ಸಿನಿಮಾ ನೋಡ್ದೆ" ಅಂತೀವಿ, ಸಿನಿಮಾವನ್ನು ನೋಡ್ದೆ ಅನ್ನಲ್ಲ. ಆದ್ರೆ "ಅಮ್ಮ ನೋಡ್ದೆ" ಅನ್ನೋಕಾಗಲ್ಲ, "ಅಮ್ಮನ್ನ ನೋಡ್ದೆ" ಅನ್ನಲೇಬೇಕು. ಆ "ನ್ನ" ಕೆಲಸಾನೇ ಸ್ಪ್ಯಾನಿಷಲ್ಲಿ ಅ ಮಾಡೋದು. ಬಿ ಲ ಪೆಲೀಕುಲ, ಬಿ ಅ ಮಿ ಮಾದ್ರೆ. ಮನುಷ್ಯರಿಗೆ, ಮತ್ತೆ ಮನೆಯವರ ಥರ ಸಾಕಿದ ನಾಯಿ ಬೆಕ್ಕಿಗೂ.

ಪೊರ್ ಮತ್ತೆ ಪಾರ?

ಗುರಿ ಇದ್ರೆ ಪಾರ: ಗೆ, ಗಾಗಿ, ಒಳಗೆ, ಹೊತ್ತಿಗೆ. ಏಸ್ತೆ ಕಫೇ ಎಸ್ ಪಾರ ತಿ, ಈ ಕಾಫಿ ನಿನಗೆ. ಪಾರ ಎಲ್ ಲೂನೆಸ್, ಸೋಮವಾರದ ಹೊತ್ತಿಗೆ. ಕಾರಣ, ದಾರಿ, ಬದಲಿ ಇದ್ರೆ ಪೊರ್: ಇಂದ, ಮೂಲಕ, ಬದಲು. ಪೊರ್ ಲ ಯೂಬ್ಯ, ಮಳೆಯಿಂದಾಗಿ. ಪೊರ್ ಲ ಬೆಂತಾನ, ಕಿಟಕಿ ಮೂಲಕ. ಪೊರ್ ದ್ಯೇಸ್ ಏಉರೊಸ್, ಹತ್ತು ಯೂರೋಗೆ, ಇಲ್ಲಿ ಕನ್ನಡದ "ಗೆ" ನೋಡಿ ಪಾರ ಹಾಕ್ಬೇಡಿ, ದುಡ್ಡು ಕೊಟ್ಟು ಬದಲಿಗೆ ತಗೊಳ್ಳೋದು ಅಂತ ಯೋಚಿಸಿ.

"ನಿನಗೋಸ್ಕರ ಮಾಡ್ದೆ" ಅನ್ನೋದು ಎರಡಾಗುತ್ತೆ. ಕೇಕ್ ಮಾಡಿ ನಿನಗೆ ಕೊಡ್ತಿದ್ರೆ ಪಾರ ತಿ. ನಿನ್ನ ಮೇಲಿನ ಪ್ರೀತಿಯಿಂದ, ನಿನ್ನ ದೆಸೆಯಿಂದ ಏನೋ ಮಾಡಿದ್ರೆ ಪೊರ್ ತಿ. ಥ್ಯಾಂಕ್ಸ್ ಹೇಳೋಕೆ ಯಾವಾಗ್ಲೂ ಗ್ರಾಸ್ಯಸ್ ಪೊರ್.

ಸಬೇರ್, ಕೊನೊಸೇರ್ ಎರಡಕ್ಕೂ "ಗೊತ್ತು" ಅಂತಾರಲ್ಲ?

ವಿಷಯ ಗೊತ್ತು ಅಂದ್ರೆ ಸಬೇರ್. ಪರಿಚಯ ಇದೆ, ಹೋಗಿ ನೋಡಿದೀನಿ ಅಂದ್ರೆ ಕೊನೊಸೇರ್. "ಈಜು ಬರುತ್ತೆ", "ಅಡುಗೆ ಬರುತ್ತೆ" ಅನ್ನೋದಕ್ಕೂ ಸಬೇರ್, ಸೆ ನದಾರ್. "ಮೈಸೂರು ಗೊತ್ತು" ಅಂದ್ರೆ ಊರು ನೋಡಿದೀನಿ, ಕೊನೋಸ್ಕೊ ಮೈಸೂರ್.

ಭೂತಕಾಲ ಎರಡು ಯಾಕೆ?

ಹೋದೆ, ಫ್ವಿ. ಹೋಗ್ತಿದ್ದೆ, ಈಬ. ಇಷ್ಟೇ ವ್ಯತ್ಯಾಸ, ಕನ್ನಡದಲ್ಲಿ ಹೇಗೆ ಬರುತ್ತೋ ಹಾಗೇ ಹಾಕಿ. "ಚಿಕ್ಕೋನಿದ್ದಾಗ ದಿನಾ ಕೆರೆಗೆ ಹೋಗ್ತಿದ್ದೆ" ಈಬ, "ನಿನ್ನೆ ಕೆರೆಗೆ ಹೋದೆ" ಫ್ವಿ.

ಎಲ್ಲರೂ ತಬ್ಬಿಬ್ಬಾಗೋದು ಸಬೀಯ ಮತ್ತೆ ಸೂಪೆ ಬಂದಾಗ. ಸಬೀಯ ಅಂದ್ರೆ ಗೊತ್ತಿತ್ತು. ಸೂಪೆ ಅಂದ್ರೆ ಗೊತ್ತಾಯ್ತು. ಕೊನೊಸೀಯ ಅಂದ್ರೆ ಪರಿಚಯ ಇತ್ತು, ಕೊನೊಸೀ ಅಂದ್ರೆ ಪರಿಚಯ ಆಯ್ತು. ಇತ್ತು ಮತ್ತೆ ಆಯ್ತು. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ "ಅರ್ಥ ಬದಲಾಗುವ ಕ್ರಿಯಾಪದಗಳು" ಅಂತ ಬೇರೆ ಪಾಠಾನೇ ಇರುತ್ತೆ, ನಮಗೆ ಆ ಪಾಠ ಬೇಕಾಗಿಲ್ಲ.

ಸಬ್ಜಂಕ್ಟಿವ್ ಅಂದ್ರೆ ಎಲ್ಲರೂ ಹೆದರ್ತಾರೆ, ಬಿಗಿನರ್ ಅದನ್ನ ಬಿಟ್ಬಿಡಬಹುದಾ?

ಬಿಡೋಕಾಗಲ್ಲ, ದಿನಾ ಬೇಕು. "ಬರಲಿ" ಅಂತೀರಲ್ಲ, ಅದೇ. ಕೆ ಬೇಂಗ, ಬರಲಿ. ಒಳ್ಳೇದಾಗ್ಲಿ, ಕೆ ತೆ ಬಾಯ ಬ್ಯೇನ್. ನೀನು ಬರ್ಬೇಕು ಅಂತ ನನಗಾಸೆ, ಕ್ಯೇರೊ ಕೆ ಬೇಂಗಸ್. ಇನ್ನೂ ನಡೆದಿಲ್ಲ, ಮನಸ್ಸಲ್ಲಿದೆ ಅಷ್ಟೆ, ಆಗ ಈ ರೂಪ. "ಅಣ್ಣ ಬಂದಾಗ ಕೇಳ್ತೀನಿ" ಅಂದ್ರೆ ಇನ್ನೂ ಬಂದಿಲ್ಲ, ಹಾಗಾಗಿ ಕ್ವಾಂದೊ ಬೇಂಗ. "ಅಣ್ಣ ಬಂದಾಗೆಲ್ಲಾ ಸ್ವೀಟ್ ತರ್ತಾನೆ" ಅಂದ್ರೆ ನಡೀತಾನೇ ಇದೆ, ಕ್ವಾಂದೊ ಬ್ಯೇನೆ. ಒಹಲಾ ಅಂತ ಒಂದು ಪದ ಇದೆ, ದೇವರು ದಯಪಾಲಿಸಿದ್ರೆ ಅನ್ನೋ ಅರಬ್ಬಿ ಮಾತಿಂದ ಬಂದದ್ದು, ಅದರ ಮುಂದೆ ಯಾವಾಗ್ಲೂ ಇದೇ ರೂಪ.

ಏನೂ ಇಲ್ಲ, ಯಾರೂ ಬರ್ಲಿಲ್ಲ, ಇವಕ್ಕೆ ಎರಡೆರಡು ಸಲ ಇಲ್ಲ ಬರುತ್ತಾ?

ಬರುತ್ತೆ, ಸರಿಯಾಗೇ ಇದೆ. ನೊ ಸೆ ನಾದ, ಏನೂ ಗೊತ್ತಿಲ್ಲ. ನೊ ಬೀನೊ ನಾದ್ಯೆ, ಯಾರೂ ಬರ್ಲಿಲ್ಲ.

ಇಂಗ್ಲಿಷ್ ಥರಾನೇ ಕಾಣೋ ಪದಗಳನ್ನ ನಂಬಬಹುದಾ?

ಕೆಲವನ್ನ ಖಂಡಿತಾ ಬೇಡ. ಎಂಬರಸಾದ ಅಂದ್ರೆ ಮುಜುಗರ ಅಲ್ಲ, ಬಸುರಿ. ಏಕ್ಸಿತೊ ಅಂದ್ರೆ ಹೊರಗೆ ಹೋಗೋ ದಾರಿ ಅಲ್ಲ, ಯಶಸ್ಸು. ಸೋಪ ಅಂದ್ರೆ ಸೂಪು, ಸೋಪಿಗೆ ಹಬೋನ್. ರ್ರೋಪ ಅಂದ್ರೆ ಬಟ್ಟೆ. ಲಾರ್ಗೊ ಅಂದ್ರೆ ಉದ್ದ, ದೊಡ್ಡದು ಅಲ್ಲ. ಕರ್ಪೇತ ಅಂದ್ರೆ ಫೈಲ್ ಫೋಲ್ಡರ್. ಸ್ಪೇನಲ್ಲಿ ಕೊನ್ಸ್ತಿಪಾದೊ ಅಂದ್ರೆ ನೆಗಡಿ ಆಗಿದೆ ಅಂತ, ಮಲಬದ್ಧತೆ ಅಲ್ಲ.

ಅದರ ಬದಲು ಕನ್ನಡದಲ್ಲಿರೋ ನಂಟರನ್ನ ಗುರುತಿಸಿ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದುಬಿಟ್ಟ ಪದಗಳಿಗೆ ಸ್ಪ್ಯಾನಿಷಲ್ಲಿ ಅಕ್ಕ ತಂಗಿಯರಿದ್ದಾರೆ. ಪಗಾರಕ್ಕೆ ಪಗಾರ್, ಹಣ ಕೊಡು ಅಂತ. ಬಾಲ್ದಿಗೆ ಬಾಲ್ದೆ. ಅಲ್ಮೇರಾಕ್ಕೆ ಅರ್ಮಾರ್ಯೊ. ಮೇಸ್ತ್ರಿಗೆ ಮಏಸ್ತ್ರೊ. ಪಾದ್ರಿಗೆ ಪಾದ್ರೆ. ಉತ್ತರ ಕರ್ನಾಟಕದ ಬಟಾಟಿಗೆ ಸ್ಪೇನಿನ ಪತಾತ. ಅನಾನಸ್‌ಗೆ ಅರ್ಜೆಂಟೀನಾದಲ್ಲಿ ಅನನಾ. ಇನ್ನು ಸಕ್ಕರೆ, ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆ ಆಯ್ತು, ಪಶ್ಚಿಮಕ್ಕೆ ಹೋಗಿ ಅರಬ್ಬಿಯ ಸುಕ್ಕರ್ ಆಗಿ, ಅರಬರ ಜೊತೆ ಸ್ಪೇನಿಗೆ ಹೋಗಿ ಅಸೂಕರ್ ಆಯ್ತು. ನಾನು ಮೊದಲ ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆಯೋ ಪದ ಅದು.

ಸ್ಪೇನಿಂದು ಕಲೀಲಾ, ಲ್ಯಾಟಿನ್ ಅಮೆರಿಕಾದ್ದು ಕಲೀಲಾ?

20 ದೇಶಗಳಲ್ಲಿ ಇದು ಅಧಿಕೃತ ಭಾಷೆ, ಅಮೆರಿಕಾದ ಕೈಕೆಳಗಿರೋ ಪ್ಯೂರ್ಟೋ ರಿಕೊ ಬೇರೆ. ನಿಮ್ಮ ಕೆಲಸ, ನಂಟು ಎಲ್ಲಿದ್ಯೋ ಅದನ್ನ ಹಿಡೀರಿ, ಗ್ರಾಮರ್ ಒಂದೇ. ಧಾರವಾಡದವರಿಗೂ ಮಂಡ್ಯದವರಿಗೂ ಮಾತು ತಿಳಿಯಲ್ವಾ, ಹಾಗೆ. ಜ್ಯೂಸು ಸ್ಪೇನಲ್ಲಿ ಸೂಮೊ, ಅಲ್ಲಿ ಹೂಗೊ. ಕಂಪ್ಯೂಟರ್ ಸ್ಪೇನಲ್ಲಿ ಒರ್ದೆನದೋರ್, ಅಲ್ಲಿ ಕೊಂಪುತದೋರ. ಒಂದು ಎಚ್ಚರಿಕೆ, ಸ್ಪೇನಲ್ಲಿ ಬಸ್ ಹಿಡಿಯೋದಕ್ಕೆ ಕೊಹೇರ್ ಅಂತಾರೆ, ಮೆಕ್ಸಿಕೊ ಅರ್ಜೆಂಟೀನಾದಲ್ಲಿ ಅದು ಕೆಟ್ಟ ಮಾತು, ಅಲ್ಲಿ ತೊಮಾರ್ ಅನ್ನಿ.

ಮೆಕ್ಸಿಕೊದವರು ಅಓರೀತ ಅಂದ್ರೆ "ಈಗ್ಲೇ" ಅಂತ ಡಿಕ್ಷನರಿ ನೋಡಿ ನಂಬ್ಬೇಡಿ. ಒಬ್ಬರು ಕಸ್ಟಮರ್ "ಅಓರೀತ ಲೆ ಮಾರ್ಕೊ", ಈಗ್ಲೇ ಫೋನ್ ಮಾಡ್ತೀನಿ ಅಂದ್ರು, ನಾನು ಊಟದ ಬ್ರೇಕ್ ಬಿಟ್ಟು ಹೆಡ್‌ಸೆಟ್ ಹಾಕ್ಕೊಂಡೇ ಕಾದೆ, ಕಾಲ್ ಬಂದಿದ್ದು ಮಾರನೇ ರಾತ್ರಿ. ಅವರು ಸುಳ್ಳು ಹೇಳಿರ್ಲಿಲ್ಲ, ಅಲ್ಲಿ ಆ ಪದ ಈಗ್ಲೇ ಅನ್ನೋದ್ರಿಂದ ಹಿಡಿದು ಆಮೇಲೆ ಯಾವಾಗಾದ್ರೂ ಅನ್ನೋವರೆಗೂ ಎಳೆಯುತ್ತೆ.

ಕರೆದಾಗ "ಬಂದೆ" ಅನ್ನೋದಕ್ಕೆ ಏನನ್ಬೇಕು?

ಯಾ ಬೊಯ್. ಅಂದ್ರೆ "ಹೊರಟೆ". ನಾವು ಕೇಳೋರ ಜಾಗದಿಂದ ನೋಡಿ "ಬಂದೆ, ಬಂದೆ" ಅಂತೀವಿ, ಅವರು ತಾವು ನಿಂತಿರೋ ಜಾಗದಿಂದ ನೋಡ್ತಾರೆ. "ನಾಳೆ ನಿಮ್ಮನೆಗೆ ಬರ್ತೀನಿ" ಕೂಡ ಅವರಲ್ಲಿ "ಹೋಗ್ತೀನಿ", ಮಞಾನ ಬೊಯ್ ಅ ತು ಕಾಸ. ತರು, ತಗೊಂಡ್ಹೋಗುಗೂ ಇದೇ ಲೆಕ್ಕ, ನಿಮ್ಮನೆಗೆ ಸ್ವೀಟ್ ತರ್ತೀನಿ ಅನ್ನೋಕೆ ತ್ರಏರ್ ಅಲ್ಲ, ಯೆಬಾರ್.

ಆದ್ರೆ ಮನೆಯಿಂದ ಹೊರಡೋವಾಗ ನಾವು "ಹೋಗ್ತೀನಿ" ಅನ್ನಲ್ಲ, "ಬರ್ತೀನಿ" ಅಂತೀವಿ. ಸಲಮಾಂಕಾದಲ್ಲಿ ಅಜ್ಜಿ ಬ್ರೆಡ್ ತರೋಕೆ ಕೈಚೀಲ ಹಿಡ್ಕೊಂಡು ಬಾಗ್ಲು ದಾಟೋವಾಗ ದಿನಾ ಹೇಳ್ತಿದ್ದಿದ್ದು "ಅಓರ ಬೇಂಗೊ", ಈಗ ಬರ್ತೀನಿ. ಅಲ್ಲಿ ಮಾತ್ರ ಕನ್ನಡದ ಹಾಗೇ ಹೇಳಿ.